ದೊಡ್ಡ ಕೊಂಬಿನ ಮ್ಯೂಲ್ ಡಿಯರ್ ಬೇಕಾ? ಮೊದಲು ಗಂಡಿಗೆ ವಯಸ್ಸಾಗುವ ಜಾಗ ಹುಡುಕಿ

ಪಶ್ಚಿಮ ಅಮೆರಿಕದಲ್ಲಿ ಮ್ಯೂಲ್ ಡಿಯರ್ ಎಂಬ ಜಿಂಕೆಯ ಬೇಟೆಗೆ ಇಳಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾವ ಯೂನಿಟ್‌ಗೆ, ಅಂದರೆ ಬೇಟೆಗೆಂದು ಇಲಾಖೆ ಗಡಿ ಹಾಕಿದ ಯಾವ ಪ್ರದೇಶಕ್ಕೆ, ಅರ್ಜಿ ಹಾಕಲಿ? ಉತ್ತರವೂ ಸಾಮಾನ್ಯವಾಗಿ ಸಿದ್ಧವಾಗಿರುತ್ತದೆ. ಯೂಟಾದ ಹೆನ್ರಿ ಮೌಂಟನ್ಸ್, ಪಾನ್ಸಗಂಟ್. ಅರಿಜೋನಾ ಸ್ಟ್ರಿಪ್, ಕೈಬಾಬ್. ಕೊಲರಾಡೊದ ಗನಿಸನ್ ಕಣಿವೆ. ಹೆಸರುಗಳೇನೋ ಸರಿಯೇ, ಅಲ್ಲಿ ನಿಜಕ್ಕೂ ದೊಡ್ಡ ಗಂಡುಗಳಿವೆ. ಆದರೆ ಎಲ್ಲರಿಗೂ ಗೊತ್ತಿರುವ ಈ ಹೆಸರುಗಳ ಮುಂದೆ ಸಾವಿರಾರು ಜನ ಕಾಯುತ್ತಿದ್ದಾರೆ. ಈಗ ಶುರು ಮಾಡುವವರಿಗೆ ಆ ಪಟ್ಟಿಯಿಂದ ಸಿಗುವುದು ಬರೀ ಕಾಯುವ ಕೆಲಸ.

ಕೇಳಬೇಕಾದ ಪ್ರಶ್ನೆ ಬೇರೆ. ಒಂದು ಗಂಡು ಜಿಂಕೆ ಐದಾರು ವರ್ಷ ಗುಂಡಿಗೆ ಸಿಗದೆ ಬದುಕುವುದು ಎಲ್ಲಿ? ನನ್ನ ಟ್ಯಾಗ್, ಅಂದರೆ ಒಂದು ಜಿಂಕೆ ಹೊಡೆಯಲು ಸಿಗುವ ಪರವಾನಗಿ, ನಡೆಯುವ ಆ ಕೆಲವು ದಿನ ಅದು ಅಲ್ಲೇ ಇರುತ್ತಾ? ಅಲ್ಲಿಗೆ ನಾನು ಹೋಗಬಲ್ಲೆನಾ? ಈ ಮೂರಕ್ಕೂ ಉತ್ತರ ಸಿಕ್ಕರೆ ಜಾಗ ಸಿಕ್ಕ ಹಾಗೆ. ಉಳಿದದ್ದೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಈ ಪ್ರಾಣಿಯ ಬಗ್ಗೆ ಎರಡು ಮಾತು. ಹೇಸರಗತ್ತೆಯದರಂಥ ದೊಡ್ಡ ಕಿವಿ, ತುದಿ ಕಪ್ಪಾದ ಸಣ್ಣ ಬಾಲ, ಒಂದು ಕೊಂಬು ಎರಡಾಗಿ, ಆ ಎರಡೂ ಮತ್ತೆ ಎರಡೆರಡಾಗಿ ಕವಲೊಡೆಯುವ ರೀತಿ. ಕೊಂಬು ಪ್ರತಿ ವರ್ಷ ಉದುರುತ್ತದೆ. ವಸಂತದಲ್ಲಿ ಹೊಸದಾಗಿ ಹುಟ್ಟಿ ಆಗಸ್ಟ್ ಹೊತ್ತಿಗೆ ಬೆಳೆದು ಮುಗಿಯುತ್ತದೆ. ಅಂದರೆ ನಾಲ್ಕೈದು ತಿಂಗಳಲ್ಲಿ ಅಷ್ಟೂ ಮೂಳೆ ಬೆಳೆಯಬೇಕು. ಅದಕ್ಕೆ ಒಳ್ಳೆ ಮೇವು ಬೇಕು, ವಂಶ ಚೆನ್ನಾಗಿರಬೇಕು, ಎಲ್ಲಕ್ಕಿಂತ ಜಾಸ್ತಿ ವಯಸ್ಸಾಗಿರಬೇಕು.

ದೊಡ್ಡದು ಅಂದರೆ ಎಷ್ಟು ದೊಡ್ಡದು? ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್‌ನ ಅಳತೆಯೇ ಇಲ್ಲಿ ಎಲ್ಲರ ಬಾಯಲ್ಲಿ. ಕೊಂಬಿನ ಉದ್ದ, ಪ್ರತಿ ಕವಲಿನ ಉದ್ದ, ಸುತ್ತಳತೆ, ಎರಡು ಕೊಂಬುಗಳ ನಡುವಿನ ಅಗಲ, ಎಲ್ಲವನ್ನೂ ಇಂಚಿನಲ್ಲಿ ಅಳೆದು ಕೂಡಿಸುತ್ತಾರೆ. ಎಡಬಲ ಒಂದೇ ಸಮ ಇಲ್ಲದಿದ್ದರೆ ಅಷ್ಟು ಕಳೆಯುತ್ತಾರೆ. ಸಹಜ ಆಕಾರದ ಮ್ಯೂಲ್ ಡಿಯರ್‌ಗೆ ಅವರ ಶಾಶ್ವತ ದಾಖಲೆ ಪುಸ್ತಕ ಸೇರಲು 190 ಬೇಕು. ವಿಶ್ವ ದಾಖಲೆ 226 ಮತ್ತು 4/8, ಅದನ್ನು 1972ರಲ್ಲಿ ಕೊಲರಾಡೊದ ಡೊಲೊರೆಸ್ ಕೌಂಟಿಯಲ್ಲಿ ಡಗ್ ಬರಿಸ್ ಜೂನಿಯರ್ ಹೊಡೆದರು. ಅರ್ಧ ಶತಮಾನ ಕಳೆದರೂ ಅದನ್ನು ಯಾರೂ ಮೀರಿಸಿಲ್ಲ. ಸಾರ್ವಜನಿಕ ಜಮೀನಿನಲ್ಲಿ ಸ್ವಂತ ಕಾಲಿನ ಮೇಲೆ ಬೇಟೆಯಾಡುವವರಿಗೆ 160-170ರ ಒಂದು ವಯಸ್ಸಾದ ಗಂಡು ಸಿಕ್ಕರೆ ಅದು ತುಂಬಾ ದೊಡ್ಡ ವಿಷಯ. ಸುಮ್ನೆ 190 ಅಂತ ಮನಸ್ಸಿನಲ್ಲಿಟ್ಟುಕೊಂಡು ಜಾಗ ಹುಡುಕಿದರೆ ಜಾಗವೇ ಸಿಗುವುದಿಲ್ಲ.

ಈಗ ವಯಸ್ಸಿನ ಮಾತು. ಒಂದೂವರೆ ವರ್ಷದ ಗಂಡಿಗೆ ಸಾಮಾನ್ಯವಾಗಿ ಎರಡು ಕವಲು. ಮೂರು ವರ್ಷ ಆಗುವಷ್ಟರಲ್ಲಿ ಒಂದೊಂದು ಬದಿಗೆ ನಾಲ್ಕು ಕವಲು ಬಂದಿರಬಹುದು, ನೋಡಲು ಚೆಂದವೂ ಇರುತ್ತದೆ. ಆದರೆ ಕೊಂಬಿನ ದಪ್ಪ, ಹಿಂದಿನ ಕವಲುಗಳ ಆಳ, ಅಗಲ, ಇವೆಲ್ಲ ಪೂರ್ತಿ ಬರುವುದು ಐದು ವರ್ಷದ ಮೇಲೆ. ಯಾರು ಬೇಕಾದರೂ ಸುಲಭವಾಗಿ ಟ್ಯಾಗ್ ತೆಗೆದುಕೊಂಡು, ಗಾಡಿಯಲ್ಲಿ ಹೋಗಿ, ಅಕ್ಟೋಬರ್‌ನಲ್ಲಿ ರೈಫಲ್ ಹಿಡಿದು ನಡೆಯಬಹುದಾದ ಯೂನಿಟ್‌ನಲ್ಲಿ ಹೆಚ್ಚಿನ ಗಂಡುಗಳು ಮೂರು ವರ್ಷ ದಾಟುವುದೇ ಕಷ್ಟ. ವಂಶ ಎಷ್ಟೇ ಒಳ್ಳೆಯದಾಗಿರಲಿ, ಮೂರನೇ ವರ್ಷಕ್ಕೆ ಸತ್ತರೆ ಅದು ಏನಾಗಬಹುದಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಗಂಡಿಗೆ ವಯಸ್ಸಾಗಬೇಕಾದರೆ ದಾರಿ ಎರಡು. ಒಂದು, ಸರ್ಕಾರ ಟ್ಯಾಗ್ ಕಡಿಮೆ ಕೊಡಬೇಕು. ಇನ್ನೊಂದು, ಜನ ಹೋಗಲಾರದಷ್ಟು ನೆಲ ಕಠಿಣವಾಗಿರಬೇಕು. ಮೊದಲನೆಯದಕ್ಕೆ ನೀವು ವರ್ಷಗಳನ್ನು ಕೊಡುತ್ತೀರಿ, ಎರಡನೆಯದಕ್ಕೆ ಮೊಣಕಾಲು ಕೊಡುತ್ತೀರಿ. ಈ ಎರಡರಲ್ಲಿ ನಿಮ್ಮ ಹತ್ತಿರ ಯಾವುದು ಜಾಸ್ತಿ ಇದೆ ಅಂತ ಮೊದಲು ಯೋಚಿಸಿ, ಆಮೇಲೆ ನಕ್ಷೆ ಬಿಡಿಸಿ.

ಇಲ್ಲಿ ಹೊಸಬರಿಗೆ ಗೊಂದಲ ಮಾಡುವ ಒಂದು ವಿಷಯವಿದೆ. ಜಮೀನು ಒಬ್ಬರದು, ಪ್ರಾಣಿ ಇನ್ನೊಬ್ಬರದು. ಪಶ್ಚಿಮದಲ್ಲಿ ಕೋಟ್ಯಂತರ ಎಕರೆ ಕೇಂದ್ರ ಸರ್ಕಾರದ ಕೈಯಲ್ಲಿದೆ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಎಲ್ಲರೂ ಬಿಎಲ್ಎಂ ಅನ್ನುವುದು, ಅದರದೇ ಸುಮಾರು 24.5 ಕೋಟಿ ಎಕರೆ. ಫಾರೆಸ್ಟ್ ಸರ್ವಿಸ್‌ದು ಸುಮಾರು 19.3 ಕೋಟಿ. ನೆವಾಡಾ ರಾಜ್ಯದ ಹೆಚ್ಚುಕಡಿಮೆ 80 ಶೇಕಡಾ ನೆಲ ಕೇಂದ್ರದ್ದೇ. ಇಂಥ ನೆಲದಲ್ಲಿ ಬಹುತೇಕ ಕಡೆ ಯಾರು ಬೇಕಾದರೂ ಕಾಲಿಡಬಹುದು, ನಮಗೆ ನಂಬಲು ಕಷ್ಟವಾಗುವಷ್ಟು ಸಲೀಸಾಗಿ. ಆದರೆ ಜಿಂಕೆಯ ಲೆಕ್ಕ, ಸೀಸನ್, ಟ್ಯಾಗ್ ಎಲ್ಲ ಆಯಾ ರಾಜ್ಯದ ವನ್ಯಜೀವಿ ಇಲಾಖೆಯದು. ಹಾಗಾಗಿ ಒಂದೇ ಬೆಟ್ಟದ ಸಾಲು ಎರಡು ರಾಜ್ಯಕ್ಕೆ ಸೇರಿದ್ದರೆ ಆ ಕಡೆ ಒಂದು ಕಾನೂನು, ಈ ಕಡೆ ಇನ್ನೊಂದು.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಂದರೆ ಅಪರಾಧ ಅಂತಲೇ ಬೆಳೆದವರು ನಾವು. ಅಂಥವರಿಗೆ ಇದೆಲ್ಲ ವಿಚಿತ್ರ ಅನ್ನಿಸಬಹುದು. ಇಲ್ಲಿಯ ವ್ಯವಸ್ಥೆ ನಡೆಯುವುದೇ ಬೇಟೆಗಾರರ ದುಡ್ಡಿನ ಮೇಲೆ. ಲೈಸೆನ್ಸ್ ಶುಲ್ಕ ನೇರವಾಗಿ ಇಲಾಖೆಗೆ ಹೋಗುತ್ತದೆ. ಬಂದೂಕು, ಗುಂಡುಗಳ ಮೇಲೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ತೆರಿಗೆ ಇದೆ, ಆ ಹಣ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ವಾಪಸ್ ಬರುತ್ತದೆ. ಪ್ರತಿ ಟ್ಯಾಗ್ ಹಿಂದೆ ಒಬ್ಬ ಜೀವಶಾಸ್ತ್ರಜ್ಞರ ಎಣಿಕೆ ಇರುತ್ತದೆ. ಆ ಎಣಿಕೆಯೇ ನಿಮಗೆ ಜಾಗ ಆರಿಸಲು ಸಿಗುವ ಅತ್ಯುತ್ತಮ ಸಾಧನ, ಅದೂ ಪುಕ್ಕಟೆ.

ಟ್ಯಾಗ್ ಹಂಚುವ ರೀತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದೆ ಹತ್ತು ವರ್ಷ ದುಡ್ಡು ಕಟ್ಟಿದವರಿದ್ದಾರೆ. ಕೊಲರಾಡೊದಲ್ಲಿ 1999ರಿಂದ ಜಿಂಕೆಯ ಟ್ಯಾಗ್‌ಗಳಿಗೆ ಮಿತಿ ಹಾಕಿ ಡ್ರಾ ಮೂಲಕ ಕೊಡುತ್ತಾರೆ. ಡ್ರಾದಲ್ಲಿ ಸಿಗದಿದ್ದರೆ ಒಂದು ಪ್ರಿಫರೆನ್ಸ್ ಪಾಯಿಂಟ್ ಜಮಾ ಆಗುತ್ತದೆ, ಜಾಸ್ತಿ ಪಾಯಿಂಟ್ ಇದ್ದವರಿಗೆ ಮೊದಲು. ಬಹುಮಟ್ಟಿಗೆ ರೇಷನ್ ಅಂಗಡಿಯ ಸಾಲಿನ ಹಾಗೆ, ಮುಂದೆ ನಿಂತವರು ಮುಗಿಯುವ ತನಕ ಹಿಂದಿನವರಿಗೆ ಇಲ್ಲ. ಉದಾಹರಣೆಗೆ ಒಂದು ಯೂನಿಟ್‌ನಲ್ಲಿ ಹೊರರಾಜ್ಯದವರಿಗೆ ವರ್ಷಕ್ಕೆ 10 ಟ್ಯಾಗ್ ಇದೆ, ನಿಮಗಿಂತ ಜಾಸ್ತಿ ಪಾಯಿಂಟ್ ಇರುವವರು 250 ಜನ ಇದ್ದಾರೆ ಅಂದುಕೊಳ್ಳಿ. ನಿಮ್ಮ ಸರದಿಗೆ 25 ವರ್ಷ. ಅಷ್ಟರಲ್ಲಿ ಇಲಾಖೆ ಟ್ಯಾಗ್ ಕಡಿಮೆ ಮಾಡಿದರೆ ಇನ್ನೂ ಜಾಸ್ತಿ. ಕಳೆದ ವರ್ಷ 12 ಪಾಯಿಂಟ್‌ಗೆ ಸಿಕ್ಕಿದ್ದು ಈ ವರ್ಷ 13 ಕೇಳುತ್ತದೆ, ಮುಂದಿನ ವರ್ಷ 14. ನೀವು ವರ್ಷಕ್ಕೊಂದು ಹೆಜ್ಜೆ ಮುಂದೆ ಹೋದರೆ ಬಾಗಿಲೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

ನೆವಾಡಾದಲ್ಲಿ ಲೆಕ್ಕ ಬೇರೆ. ನಿಮ್ಮ ಬೋನಸ್ ಪಾಯಿಂಟ್‌ಗಳ ವರ್ಗ ಮಾಡಿ ಒಂದು ಕೂಡಿಸಿ ಅಷ್ಟು ಚೀಟಿ ಹಾಕುತ್ತಾರೆ. 10 ಪಾಯಿಂಟ್ ಇದ್ದರೆ 101 ಚೀಟಿ. ಏನೂ ಇಲ್ಲದವರದೂ ಒಂದು ಚೀಟಿ ಇರುತ್ತದೆ, ಮೊದಲ ವರ್ಷವೇ ಟ್ಯಾಗ್ ಸಿಕ್ಕರೂ ಸಿಗಬಹುದು. ವಯೋಮಿಂಗ್ ಹೊರರಾಜ್ಯದವರಿಗೆ ಮುಕ್ಕಾಲು ಪಾಲು ಟ್ಯಾಗ್ ಪಾಯಿಂಟ್ ಮೇಲೆ, ಕಾಲು ಪಾಲು ಅದೃಷ್ಟದ ಮೇಲೆ ಕೊಡುತ್ತದೆ. ಐಡಹೊ, ನ್ಯೂ ಮೆಕ್ಸಿಕೊಗಳಲ್ಲಿ ಜಿಂಕೆಗೆ ಪಾಯಿಂಟ್ ಪದ್ಧತಿಯೇ ಇಲ್ಲ, ಎಲ್ಲರೂ ಪ್ರತಿ ವರ್ಷ ಸಮಾನರು. ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಖಚಿತ. ಅದೃಷ್ಟದ ಅವಕಾಶ ಇರುವ ಕಡೆ ದೊಡ್ಡ ಹೆಸರಿಗೆ ಅರ್ಜಿ ಹಾಕಿ. ಸಾಲಿನ ಪದ್ಧತಿ ಇರುವ ಕಡೆ ಮೂರ್ನಾಲ್ಕು ಪಾಯಿಂಟ್‌ಗೆ ಸಿಗುವ ಮಧ್ಯಮ ಯೂನಿಟ್ ಹುಡುಕಿ. ದೊಡ್ಡ ಗಂಡು ಹುಡುಕುವುದು ಕಲಿಯಲು ಬೆಟ್ಟದಲ್ಲಿ ಇರಬೇಕು, ಇಪ್ಪತ್ತು ವರ್ಷ ಮನೆಯಲ್ಲಿ ಕಾದು ಒಂದು ವಾರ ಹೋದರೆ ಆಗುವುದಿಲ್ಲ.

ಇನ್ನು ಅಂಕಿಅಂಶ. ಪ್ರತಿ ಇಲಾಖೆಯ ವೆಬ್‌ಸೈಟ್‌ನಲ್ಲಿ ಯೂನಿಟ್ ಪ್ರಕಾರ ವರದಿ ಸಿಗುತ್ತದೆ. ಅದರಲ್ಲಿ ಜನ ಮೊದಲು ನೋಡುವುದು ಎಷ್ಟು ಶೇಕಡಾ ಜನ ಹೊಡೆದರು ಅಂತ. ಆ ಸಂಖ್ಯೆ ನಿಮಗೆ ಹೇಳುವುದು ಕಡಿಮೆ. ಎರಡು ವರ್ಷದ ಗಂಡನ್ನು ಹೊಡೆದವರೂ ಅದರಲ್ಲೇ ಸೇರಿರುತ್ತಾರೆ. ನೋಡಬೇಕಾದದ್ದು 100 ಹೆಣ್ಣಿಗೆ ಎಷ್ಟು ಗಂಡು ಅನ್ನುವ ಸಂಖ್ಯೆ. ಯೂಟಾದ ಸಾಮಾನ್ಯ ಯೂನಿಟ್‌ಗಳಲ್ಲಿ ಗುರಿ 15ರಿಂದ 20ರ ಆಸುಪಾಸು. ಕಡಿಮೆ ಟ್ಯಾಗ್ ಇರುವ ಲಿಮಿಟೆಡ್ ಎಂಟ್ರಿ ಯೂನಿಟ್‌ಗಳಲ್ಲಿ 25ರಿಂದ 35. ಹೆನ್ರಿ ಮೌಂಟನ್ಸ್, ಪಾನ್ಸಗಂಟ್‌ಗಳಲ್ಲಿ ಅದಕ್ಕೂ ಮೇಲೆ. ಈ ಸಂಖ್ಯೆ 30 ದಾಟಿತು ಅಂದರೆ ವಯಸ್ಸಾದ ಗಂಡುಗಳು ಉಳಿದಿವೆ ಅಂತ ಸಾಮಾನ್ಯವಾಗಿ ಹೇಳಬಹುದು. ಹೊಡೆದ ಗಂಡುಗಳಲ್ಲಿ ನಾಲ್ಕು ಕವಲಿನವು ಎಷ್ಟು ಅಂತ ಐಡಹೊ, ನೆವಾಡಾದಂಥ ರಾಜ್ಯಗಳು ಪ್ರಕಟಿಸುತ್ತವೆ, ಅದೂ ಉಪಯೋಗ. ಮೂರು ವರ್ಷದ್ದಕ್ಕೂ ನಾಲ್ಕು ಕವಲು ಇರಬಹುದು ಅನ್ನುವುದು ಮಾತ್ರ ನೆನಪಿರಲಿ. ಎಲ್ಲಕ್ಕಿಂತ ನಂಬಿಕೆಯದು ಹಲ್ಲು. ಬೇಟೆಗಾರರು ಕಳಿಸಿದ ಮುಂದಿನ ಹಲ್ಲನ್ನು ಪ್ರಯೋಗಾಲಯದಲ್ಲಿ ತೆಳ್ಳಗೆ ಕತ್ತರಿಸಿ, ಬೇರಿನಲ್ಲಿ ವರ್ಷಕ್ಕೊಂದರಂತೆ ಕೂತ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಹಾಗೆ ಸಿಕ್ಕ ಸರಾಸರಿ ವಯಸ್ಸು ಐದರ ಹತ್ತಿರ ಇರುವ ಯೂನಿಟ್ ಕಂಡರೆ ಗುರುತು ಹಾಕಿಕೊಳ್ಳಿ.

ಯೂನಿಟ್ ಎಷ್ಟು ಮುಖ್ಯವೋ ಸೀಸನ್ ಅಷ್ಟೇ ಮುಖ್ಯ, ನನ್ನನ್ನು ಕೇಳಿದರೆ ಒಂದು ಕೈ ಜಾಸ್ತಿ. ಒಂದೇ ಬೆಟ್ಟ ಆಗಸ್ಟ್ ಕೊನೆಯಲ್ಲಿ ಒಂದು ಥರ, ಅಕ್ಟೋಬರ್‌ನಲ್ಲಿ ಇನ್ನೊಂದು ಥರ, ನವೆಂಬರ್‌ನಲ್ಲಿ ಮತ್ತೊಂದು.

ಬೇಸಿಗೆಯಲ್ಲಿ ದೊಡ್ಡ ಗಂಡುಗಳು ಮರಗಳೇ ಮುಗಿಯುವ ಎತ್ತರಕ್ಕೆ ಏರುತ್ತವೆ. ಕೊಲರಾಡೊದಲ್ಲಿ ಅದು 11,000-12,000 ಅಡಿ. ಅಲ್ಲಿ ಹುಲ್ಲು ರಸವತ್ತಾಗಿರುತ್ತದೆ, ಗಾಳಿಗೆ ನೊಣ ಕಡಿಮೆ. ಕೊಂಬಿನ ಮೇಲೆ ಇನ್ನೂ ವೆಲ್ವೆಟ್, ಅಂದರೆ ಬೆಳೆಯುವ ಕೊಂಬನ್ನು ಹೊದ್ದ ಮೆತ್ತನೆಯ ಚರ್ಮ, ಇರುವುದರಿಂದ ಪೊದೆಗೆ ತಾಗಿದರೆ ನೋವು, ಹಾಗಾಗಿ ಬಯಲಿನಲ್ಲೇ ಮೂರ್ನಾಲ್ಕು ಗಂಡುಗಳು ಜೊತೆಯಾಗಿ ಮೇಯುತ್ತವೆ. ಕಾಣುವುದು ಸುಲಭ, ಹತ್ತಿರ ಹೋಗುವುದು ಕಷ್ಟ. ಇದು ಬಿಲ್ಲಿನವರ ಕಾಲ. ಸೆಪ್ಟೆಂಬರ್ ಮೊದಲ ಭಾಗದಲ್ಲಿ ವೆಲ್ವೆಟ್ ಉದುರಿತು ಅಂದರೆ ಅದೇ ಗಂಡುಗಳು ಬೇರೆ ಪ್ರಾಣಿಗಳಾಗಿಬಿಡುತ್ತವೆ. ಒಂದೊಂದೇ ದಟ್ಟ ಕಾಡಿಗೆ ಇಳಿಯುತ್ತವೆ, ಹಗಲು ಕದಲುವುದೇ ಇಲ್ಲ. ಅಕ್ಟೋಬರ್ ಅನ್ನುವುದು ದೊಡ್ಡ ಗಂಡು ಹುಡುಕುವವರಿಗೆ ವರ್ಷದ ಅತಿ ಕಷ್ಟದ ತಿಂಗಳು. ಬೆಟ್ಟ ಖಾಲಿ ಅನ್ನಿಸುತ್ತದೆ. ನಿಜದಲ್ಲಿ ಅವು ಅಲ್ಲೇ, ಕಡಿದಾದ ಓರೆಯ ನೆರಳಿನಲ್ಲಿ, ನೀರು ಮೇವು ಎರಡೂ ಹತ್ತಿರ ಇರುವ ಪುಟ್ಟ ಜಾಗದಲ್ಲಿ ಮಲಗಿರುತ್ತವೆ.

ನವೆಂಬರ್ ಬಂದರೆ ಬೆದೆಗಾಲ. ತಿಂಗಳ ಮಧ್ಯದಲ್ಲಿ ಅದು ಜೋರಾಗುತ್ತದೆ. ವರ್ಷವಿಡೀ ಮೈ ಬಚ್ಚಿಟ್ಟುಕೊಂಡ ಗಂಡು ಹೆಣ್ಣುಗಳ ಹಿಂದೆ ಹಾಡಹಗಲೇ ಬಯಲಿನಲ್ಲಿ ಓಡಾಡುತ್ತದೆ. ಅದಕ್ಕೇ ಕೊಲರಾಡೊದಲ್ಲಿ ಒಂದೇ ಯೂನಿಟ್‌ನ ಎರಡನೇ ರೈಫಲ್ ಸೀಸನ್ ಟ್ಯಾಗ್, ಅಂದರೆ ಅಕ್ಟೋಬರ್ ಕೊನೆಯದು, ಕಡಿಮೆ ಪಾಯಿಂಟ್‌ಗೆ ಸಿಗುತ್ತದೆ. ನಾಲ್ಕನೆಯದು, ನವೆಂಬರ್ ಮಧ್ಯದ್ದು, ಹಲವು ಪಟ್ಟು ಪಾಯಿಂಟ್ ಕೇಳುತ್ತದೆ. ಆ ಟ್ಯಾಗ್‌ಗಳನ್ನು ತೀರಾ ಕಡಿಮೆ ಕೊಡುವುದಕ್ಕೂ ಕಾರಣ ಇದೇ. ಜಾಸ್ತಿ ಕೊಟ್ಟರೆ ದೊಡ್ಡ ಗಂಡುಗಳೇ ಉಳಿಯುವುದಿಲ್ಲ.

ಇದರ ಜೊತೆಗೆ ವಲಸೆ. ಹಿಮ ಬಿದ್ದ ಹಾಗೆ ಜಿಂಕೆಗಳು ಮೇಲಿನಿಂದ ಕೆಳಗಿನ ಸೇಜ್‌ಬ್ರಷ್ ಎಂಬ ಕುರುಚಲು ಪೊದೆಯ ಬಯಲಿಗೆ ಇಳಿಯುತ್ತವೆ. ಕೆಲವು ಹತ್ತಾರು ಮೈಲಿ. ವಯೋಮಿಂಗ್‌ನ ರೆಡ್ ಡೆಸರ್ಟ್‌ನಿಂದ ಹೋಬ್ಯಾಕ್ ತನಕ ಸುಮಾರು 150 ಮೈಲಿ ನಡೆಯುವ ಗುಂಪಿದೆ. ಯೂನಿಟ್‌ನ ಗಡಿ ಜಿಂಕೆಗೆ ಗೊತ್ತಿಲ್ಲವಲ್ಲ. ಬೇಸಿಗೆಯಲ್ಲಿ ಒಂದು ಯೂನಿಟ್‌ನಲ್ಲಿದ್ದ ಗಂಡು ಚಳಿಗಾಲಕ್ಕೆ ಪಕ್ಕದ್ದಕ್ಕೆ ಹೋಗಿರುತ್ತದೆ. ಹೀಗಾಗಿ ಒಂದು ಯೂನಿಟ್ ಸೆಪ್ಟೆಂಬರ್‌ನಲ್ಲಿ ಅದ್ಭುತವಾಗಿದ್ದು ನವೆಂಬರ್‌ನಲ್ಲಿ ಪೂರ್ತಿ ಖಾಲಿಯಾಗಬಹುದು. ಅದರ ಕೆಳಗಿನ ಯೂನಿಟ್, ಅಕ್ಟೋಬರ್‌ನಲ್ಲಿ ಬರೀ ಸ್ಥಳೀಯ ಚಿಕ್ಕ ಜಿಂಕೆಗಳಿದ್ದದ್ದು, ಹಿಮ ಬಿದ್ದ ಮೂರೇ ದಿನಕ್ಕೆ ದೊಡ್ಡ ಗಂಡುಗಳಿಂದ ತುಂಬಬಹುದು. ಹಿಮ ತಡವಾದರೆ ಬಾರದೆಯೂ ಇರಬಹುದು. ಅರ್ಜಿ ಹಾಕುವ ಮುಂಚೆ ಇಲಾಖೆಯ ಚಳಿಗಾಲದ ನೆಲೆಯ ನಕ್ಷೆ ತೆಗೆದು ಯೂನಿಟ್ ಗಡಿಯ ಮೇಲಿಟ್ಟು ನೋಡಿ. ಐದು ನಿಮಿಷದ ಕೆಲಸ, ಆದರೆ ಮಾಡುವವರು ಕಡಿಮೆ.

ಹವಾಮಾನದ ವಿಷಯಕ್ಕೆ ಬಂದರೆ, ಹಿಂದಿನ ಎರಡು ಮೂರು ಚಳಿಗಾಲಗಳ ಕತೆ ಓದದೆ ಯೂನಿಟ್ ಆರಿಸಲೇಬಾರದು. ವಯೋಮಿಂಗ್ ರೇಂಜ್ ಇದಕ್ಕೆ ದೊಡ್ಡ ಉದಾಹರಣೆ. ದಶಕಗಳಿಂದ ದೊಡ್ಡ ಮ್ಯೂಲ್ ಡಿಯರ್‌ಗೆ ಹೆಸರಾದ ಜಾಗ. ಟ್ಯಾಗ್ ಲೆಕ್ಕದಲ್ಲಿ ಅದು ರೀಜನ್ ಜಿ. ವಯೋಮಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿ 2013ರಿಂದ ಜಿಂಕೆಗಳಿಗೆ ರೇಡಿಯೊ ಕಾಲರ್ ಹಾಕಿ ಒಂದೊಂದರ ಬದುಕನ್ನೂ ಹಿಂಬಾಲಿಸುತ್ತಿದ್ದಾರೆ. 2022-23ರ ಚಳಿಗಾಲದಲ್ಲಿ ಹಿಮ ಆಳವಾಗಿ ಬಿದ್ದು, ಗಟ್ಟಿಯಾಗಿ, ವಸಂತದ ತನಕ ಕರಗಲಿಲ್ಲ. ಕಾಲರ್ ಹಾಕಿದ ಮರಿಗಳು ಹೆಚ್ಚುಕಡಿಮೆ ಎಲ್ಲವೂ ಸತ್ತವು. ದೊಡ್ಡ ಹೆಣ್ಣುಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಹೋದವು. ಇದರ ಪರಿಣಾಮ ಆ ಒಂದು ವರ್ಷಕ್ಕೆ ಮುಗಿಯುವುದಿಲ್ಲ. 2022ರಲ್ಲಿ ಹುಟ್ಟಿದ ಪೀಳಿಗೆಯೇ ಇಲ್ಲ ಅಂದರೆ 2027-28ರಲ್ಲಿ ಐದಾರು ವರ್ಷದ ಗಂಡು ಎಲ್ಲಿಂದ ಬರಬೇಕು? ಹಳೆಯ ಫೋಟೊ ನೋಡಿ ಅರ್ಜಿ ಹಾಕಿದವರು ಈ ಒಂದು ಪ್ರಶ್ನೆ ಕೇಳಿಕೊಂಡಿರುವುದಿಲ್ಲ. ಗನಿಸನ್ ಕಣಿವೆಯಲ್ಲೂ 2007-08ರಲ್ಲಿ ಹೀಗೇ ಆಯಿತು, ಇಲಾಖೆಯವರೇ ಜಿಂಕೆಗಳಿಗೆ ಆಹಾರ ಹಾಕಬೇಕಾಯಿತು. ವರ್ಷಗಳು ಹಿಡಿದರೂ ಆಮೇಲೆ ಚೇತರಿಸಿಕೊಂಡಿತು. ಪೆಟ್ಟು ತಿಂದ ಜಾಗಕ್ಕೆ ಜನ ಅರ್ಜಿ ಹಾಕುವುದು ಬಿಡುತ್ತಾರೆ, ಇಲಾಖೆ ಟ್ಯಾಗ್ ಕತ್ತರಿಸುತ್ತದೆ, ಉಳಿದ ಗಂಡುಗಳಿಗೆ ವಯಸ್ಸಾಗುತ್ತದೆ. ಕೆಟ್ಟ ಚಳಿಗಾಲ ಕಳೆದು ಐದಾರು ವರ್ಷದ ಹೊತ್ತಿಗೆ, ಮಧ್ಯೆ ಒಳ್ಳೆಯ ವರ್ಷಗಳು ಬಂದಿದ್ದರೆ, ಅಲ್ಲಿಗೆ ಹೋಗುವವರು ಜಾಣರು.

ಮೇವಿನ ವಿಷಯದಲ್ಲಿ ಅರಿಜೋನಾದ ಕೈಬಾಬ್‌ನ ಹಳೆಯ ಕತೆ ಎಲ್ಲರೂ ತಿಳಿದಿರಬೇಕಾದದ್ದು. 1906ರಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಮಾಡಿ ಜಿಂಕೆ ಬೇಟೆ ನಿಲ್ಲಿಸಿದರು. ಪ್ಯೂಮಾ, ತೋಳ, ಕಯೋಟಿಗಳನ್ನು ಕೊಲ್ಲುತ್ತಾ ಹೋದರು. ಜಿಂಕೆ ವಿಪರೀತ ಹೆಚ್ಚಿತು, ಎಟುಕುವ ಎಲೆ ಚಿಗುರೆಲ್ಲ ಮುಗಿಯಿತು, 1920ರ ದಶಕದ ಮಧ್ಯದಲ್ಲಿ ಹಸಿವಿನಿಂದ ಸಾವಿರಾರು ಸತ್ತವು. ಸಂಖ್ಯೆ ಜಾಸ್ತಿ ಇರುವುದೇ ಒಳ್ಳೆಯ ಜಾಗದ ಗುರುತು ಅಂದುಕೊಳ್ಳಬೇಡಿ ಅಂತ ಹೇಳಲಿಕ್ಕೆ ಇದನ್ನು ಬರೆದೆ. ಹೊಟ್ಟೆ ತುಂಬುವಷ್ಟು ಮೇವಿದ್ದು, ಜಿಂಕೆ ಸ್ವಲ್ಪ ಕಡಿಮೆ ಇರುವ ಕಡೆ ಕೊಂಬು ಚೆನ್ನಾಗಿ ಬರುತ್ತದೆ.

ಕಾಡ್ಗಿಚ್ಚನ್ನೂ ಇದೇ ಕಣ್ಣಿನಿಂದ ನೋಡಿ. ಎತ್ತರದ ಪೈನ್, ಫರ್ ಕಾಡು ಸುಟ್ಟರೆ ಬಿಸಿಲು ನೆಲಕ್ಕೆ ಬೀಳುತ್ತದೆ, ಗಿಡ, ಪೊದೆ, ಆಸ್ಪೆನ್ ಚಿಗುರುತ್ತವೆ, ಕೆಲವು ವರ್ಷಗಳಲ್ಲಿ ಅದು ಜಿಂಕೆಗಳ ಊಟದ ಮನೆ. ಹಳೆಯ ಬೆಂಕಿಗಳ ನಕ್ಷೆ ಸರ್ಕಾರವೇ ಕೊಡುತ್ತದೆ, ಐದರಿಂದ ಹದಿನೈದು ವರ್ಷ ಹಿಂದಿನವನ್ನು ಹುಡುಕಿ. ಆದರೆ ಕೆಳಗಿನ ಸೇಜ್‌ಬ್ರಷ್ ಬಯಲು ಸುಟ್ಟರೆ ಉಲ್ಟಾ. ಅಲ್ಲಿ ಚೀಟ್‌ಗ್ರಾಸ್ ಅನ್ನುವ ಹೊರಗಿನಿಂದ ಬಂದ ಹುಲ್ಲು ಆವರಿಸುತ್ತದೆ, ಬೇಗ ಒಣಗಿ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತದೆ. ಚಳಿಗಾಲದಲ್ಲಿ ಜಿಂಕೆ ಬದುಕುವ ಸೇಜ್, ಬಿಟರ್‌ಬ್ರಷ್ ಮತ್ತೆ ಬರುವುದಿಲ್ಲ. ನೆವಾಡಾ, ದಕ್ಷಿಣ ಐಡಹೊದ ಎಷ್ಟೋ ಒಳ್ಳೆಯ ಜಾಗಗಳಿಗೆ ಹೊಡೆತ ಬಿದ್ದದ್ದು ಹೀಗೆ. ಬೇಸಿಗೆಯ ಬೆಟ್ಟ ಎಷ್ಟು ಹಸಿರಾಗಿದ್ದರೇನು, ಚಳಿಗಾಲಕ್ಕೆ ಇಳಿಯಲು ನೆಲವೇ ಇಲ್ಲದಿದ್ದರೆ?

ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನುವ ರೋಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್‌ನಿಂದ ಬರುವ, ಜಿಂಕೆಯ ಮಿದುಳು ತಿನ್ನುವ, ಮದ್ದಿಲ್ಲದ ಕಾಯಿಲೆ. 1967ರಲ್ಲಿ ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಕೂಡಿಹಾಕಿದ್ದ ಮ್ಯೂಲ್ ಡಿಯರ್‌ಗಳಲ್ಲಿ ಮೊದಲು ಗಮನಕ್ಕೆ ಬಂತು. ಇದು ಹೆಣ್ಣಿಗಿಂತ ದೊಡ್ಡ ಗಂಡುಗಳಲ್ಲಿ ಜಾಸ್ತಿ. ಕೊಲರಾಡೊ 2019ರಲ್ಲಿ ಮಾಡಿದ ಯೋಜನೆಯ ಪ್ರಕಾರ, ಒಂದು ಹಿಂಡಿನ ಗಂಡುಗಳಲ್ಲಿ ರೋಗ 5 ಶೇಕಡಾ ದಾಟಿದರೆ ಇಲಾಖೆ ಕ್ರಮಕ್ಕೆ ಇಳಿಯುತ್ತದೆ, ಅದರಲ್ಲಿ ಗಂಡುಗಳ ಸಂಖ್ಯೆ ಇಳಿಸುವುದೂ ಒಂದು. ಅದಕ್ಕೆ ಟ್ಯಾಗ್ ಜಾಸ್ತಿ ಕೊಡುತ್ತಾರೆ. ಹಾಗಾಗಿ ಹಿಂದೆ ಸಿಗದ ಒಂದು ಟ್ಯಾಗ್ ಇದ್ದಕ್ಕಿದ್ದಂತೆ ಸುಲಭವಾದರೆ ಯಾಕೆ ಅಂತ ಕೇಳಿ. ಹೊಡೆದ ಪ್ರಾಣಿಯನ್ನು ಪರೀಕ್ಷೆಗೆ ಕೊಡಿ, ರೋಗ ಇದೆ ಅಂತ ಬಂದರೆ ಮಾಂಸ ತಿನ್ನಬೇಡಿ ಅನ್ನುತ್ತಾರೆ ಆರೋಗ್ಯ ಇಲಾಖೆಯವರು. ತಲೆ, ಬೆನ್ನುಮೂಳೆಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯುವುದಕ್ಕೂ ಬಹಳ ಕಡೆ ನಿರ್ಬಂಧ ಇದೆ.

ಮೂರನೇ ಪ್ರಶ್ನೆ, ಅಲ್ಲಿಗೆ ಹೋಗಬಲ್ಲೆನಾ? ನಕ್ಷೆಯಲ್ಲಿ ಸಾರ್ವಜನಿಕ ಅಂತ ಬಣ್ಣ ಹಾಕಿದ್ದೆಲ್ಲ ತಲುಪಬಹುದಾದದ್ದಲ್ಲ. ಪಶ್ಚಿಮದಲ್ಲಿ ಸುಮಾರು 95 ಲಕ್ಷ ಎಕರೆ ಕೇಂದ್ರದ ಜಮೀನಿನ ಸುತ್ತ ಖಾಸಗಿ ಜಮೀನಿದೆ, ಒಳಗೆ ಹೋಗಲು ಸಾರ್ವಜನಿಕ ದಾರಿಯೇ ಇಲ್ಲ. ರೈಲುಮಾರ್ಗ ಹಾಕಿದ ಕಾಲದಲ್ಲಿ ಒಂದು ಚೌಕ ರೈಲ್ವೆಗೆ, ಒಂದು ಸರ್ಕಾರಕ್ಕೆ ಅಂತ ಹಂಚಿದ್ದರಿಂದ ದಕ್ಷಿಣ ವಯೋಮಿಂಗ್ ಪೂರ್ತಿ ಚದುರಂಗದ ಹಲಗೆಯಂತೆ ಕಾಣುತ್ತದೆ. ಮೂಲೆಯಿಂದ ಮೂಲೆಗೆ, ಖಾಸಗಿ ನೆಲ ಮುಟ್ಟದೆ ದಾಟಬಹುದಾ ಅನ್ನುವುದು ಬಹಳ ವರ್ಷಗಳ ಜಗಳ. ಮಾರ್ಚ್ 2025ರಲ್ಲಿ ಹತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, 1885ರ ಒಂದು ಕಾಯ್ದೆಯ ಆಧಾರದ ಮೇಲೆ, ಹಾಗೆ ದಾಟಿದ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಆ ನ್ಯಾಯಾಲಯದ ವ್ಯಾಪ್ತಿಯಲ್ಲಿ ವಯೋಮಿಂಗ್, ಕೊಲರಾಡೊ, ಯೂಟಾ, ನ್ಯೂ ಮೆಕ್ಸಿಕೊ ಇವೆ. ಐಡಹೊ, ನೆವಾಡಾ, ಅರಿಜೋನಾ, ಮೊಂಟಾನಾ ಅದರ ಹೊರಗೆ. ಎಲ್ಲೇ ಆದರೂ ಸ್ಥಳೀಯ ಅಧಿಕಾರಿಯನ್ನು ಕೇಳಿಯೇ ಹೆಜ್ಜೆ ಇಡಿ.

ವಯೋಮಿಂಗ್‌ನಲ್ಲಿ ಇನ್ನೊಂದು ಕಾನೂನಿದೆ, ಹೊರಗಿನವರು ಇದರಲ್ಲಿ ಸಿಕ್ಕಿಬೀಳುತ್ತಾರೆ. ಕೇಂದ್ರ ಸರ್ಕಾರ ವೈಲ್ಡರ್‌ನೆಸ್ ಅಂತ ಘೋಷಿಸಿದ ಪ್ರದೇಶದಲ್ಲಿ ಹೊರರಾಜ್ಯದವರು ಲೈಸೆನ್ಸ್ ಇರುವ ಗೈಡ್ ಅಥವಾ ಸ್ಥಳೀಯ ನಿವಾಸಿ ಜೊತೆಗಿಲ್ಲದೆ ಜಿಂಕೆ ಬೇಟೆಯಾಡುವಂತಿಲ್ಲ. ಇನ್ನೊಂದು ಟ್ಯಾಗ್ ಪ್ರದೇಶವಾದ ರೀಜನ್ ಎಚ್‌ನ ಒಳ್ಳೆಯ ಎತ್ತರದ ನೆಲದ ಬಹಳಷ್ಟು ಈ ಪಟ್ಟಿಯಲ್ಲಿದೆ. ಪಕ್ಕದ ವಯೋಮಿಂಗ್ ರೇಂಜ್‌ನ ಬಹುಭಾಗ ಇಲ್ಲ. ಟ್ಯಾಗ್ ಬಂದ ಮೇಲೆ ಇದು ಗೊತ್ತಾದರೆ ಎಷ್ಟು ಬೇಜಾರು, ಅಲ್ವಾ? ಕೊಲರಾಡೊದಲ್ಲಿ ಇಂಥ ನಿಯಮ ಇಲ್ಲ, ಆದರೆ ರಾಜ್ಯದ ಟ್ರಸ್ಟ್ ಜಮೀನುಗಳೆಲ್ಲ ತೆರೆದಿರುವುದಿಲ್ಲ. ನ್ಯಾಷನಲ್ ಪಾರ್ಕ್ ಒಳಗೆ ಬೇಟೆ ಇಲ್ಲ.

ನಮ್ಮವರಿಗೆ ಒಂದು ಮುಖ್ಯ ಮಾತು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಕೇಂದ್ರ ಕಾನೂನು ವಿನಾಯಿತಿ ಕೊಡುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ವೀಸಾದ ವಿಷಯದಲ್ಲಿ ಸ್ನೇಹಿತರ ಮಾತು ನಂಬಬೇಡಿ, ವಕೀಲರನ್ನು ಕೇಳಿ. ಬಿಲ್ಲಿನಲ್ಲಿ ಬೇಟೆಯಾಡಿದರೆ ಬಂದೂಕಿನ ಪ್ರಶ್ನೆಯೇ ಬರುವುದಿಲ್ಲ. ಹಂಟರ್ ಎಜುಕೇಶನ್ ಕೋರ್ಸ್ ಬಹುತೇಕ ಎಲ್ಲರಿಗೂ ಕಡ್ಡಾಯ, ಅದನ್ನು ಅರ್ಜಿಯ ತಿಂಗಳಿಗೆ ಮುಂಚೆಯೇ ಮುಗಿಸಿಕೊಳ್ಳಿ.

ಯೂನಿಟ್ ಎರಡು ಮೂರಕ್ಕೆ ಇಳಿದ ಮೇಲೆ ಅಲ್ಲಿಯ ಜೀವಶಾಸ್ತ್ರಜ್ಞರಿಗೆ ಫೋನ್ ಮಾಡಿ. ದೊಡ್ಡ ಗಂಡು ಎಲ್ಲಿದೆ ಅಂತ ಕೇಳಬೇಡಿ, ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಕಳೆದ ಚಳಿಗಾಲದಲ್ಲಿ ಮರಿಗಳು ಎಷ್ಟು ಉಳಿದವು, ಗಂಡುಗಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ, ಜನ ಎಲ್ಲಿ ಸೇರುತ್ತಾರೆ, ಯಾವ ರಸ್ತೆ ಮುಚ್ಚಿದೆ, ಹಿಮ ಎಷ್ಟು ಬಿದ್ದರೆ ಜಿಂಕೆ ಇಳಿಯುತ್ತದೆ, ಇದನ್ನು ಕೇಳಿ. ಇಷ್ಟು ತಯಾರಿ ಮಾಡಿ ಕೇಳಿದವರ ಜೊತೆ ಅವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಆಮೇಲೆ ನಕ್ಷೆ. ಗೂಗಲ್ ಅರ್ಥ್, ಬೇಟೆಗಾರರ ನಕ್ಷೆಯ ಆ್ಯಪ್ ಆನ್‌ಎಕ್ಸ್, ಎರಡೂ ಸಾಕು. ಗಾಡಿ ಹೋಗುವ ರಸ್ತೆ, ಎಟಿವಿ ಅನ್ನುವ ಚಿಕ್ಕ ಬೆಟ್ಟದ ಗಾಡಿಗಳ ದಾರಿ ಎಲ್ಲ ಗುರುತು ಮಾಡಿ, ಅವುಗಳಿಂದ ಎರಡು ಮೈಲಿ ದೂರದ, ಏರು ಜಾಸ್ತಿ ಇರುವ ಜಾಗಗಳನ್ನು ನೋಡಿ. ಎಲ್ಲರೂ ದೂರ ಹೋಗುವುದರಿಂದ, ಹೆದ್ದಾರಿಗೆ ಹತ್ತಿರವೇ ಇದ್ದು ನಿಲ್ಲಿಸಲು ಜಾಗ ಇಲ್ಲದ ಕಡಿದಾದ ಓರೆಗಳೂ ಕೆಲವೊಮ್ಮೆ ಹಾಗೇ ಉಳಿದಿರುತ್ತವೆ. ಉತ್ತರ ಅಥವಾ ಪೂರ್ವಕ್ಕೆ ಮುಖ ಮಾಡಿದ ಬಟ್ಟಲಿನಂಥ ಕಣಿವೆ, ಬಂಡೆಯ ಅಡಿಯ ನೆರಳು, ಅದರ ಕೆಳಗೆ ಮೇವು, ಎದುರು ದಿಣ್ಣೆಯಲ್ಲಿ ಬೆಳಗಿನ ಸೂರ್ಯ ಬೆನ್ನಿಗೆ ಬೀಳುವ ಹಾಗೆ ಕೂರಲು ಒಂದು ಜಾಗ. ಇಷ್ಟು ಒಟ್ಟಿಗೆ ಸಿಗುವ ನಾಲ್ಕೈದು ಕಡೆ ಆರಿಸಿ, ಸಾಧ್ಯವಾದರೆ ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ಹೋಗಿ ಕಣ್ಣಾರೆ ನೋಡಿ. ಮರಕ್ಕೆ ಕ್ಯಾಮೆರಾ ಕಟ್ಟುವ ಮುಂಚೆ ಕಾನೂನು ನೋಡಿ, ಅರಿಜೋನಾ ಬೇಟೆಗಾಗಿ ಅದನ್ನು 2022ರಿಂದ ನಿಷೇಧಿಸಿದೆ, ಯೂಟಾ ಸೀಸನ್ನಿನ ತಿಂಗಳುಗಳಲ್ಲಿ ಬಿಡುವುದಿಲ್ಲ.

ಬೈನಾಕ್ಯುಲರನ್ನು ಟ್ರೈಪಾಡ್ ಮೇಲಿಟ್ಟು, ಒಂದು ಓರೆಯನ್ನು ಪಟ್ಟಿ ಪಟ್ಟಿಯಾಗಿ ನೋಡುತ್ತಾ ಬನ್ನಿ. ಪೂರ್ತಿ ಜಿಂಕೆ ಕಾಣುವುದಿಲ್ಲ. ನೆರಳಿನಲ್ಲಿ ಒಂದು ಕಿವಿ ಅಲುಗುತ್ತದೆ, ಅಥವಾ ಪೊದೆಯೊಳಗೆ ಅಡ್ಡವಾಗಿ ಒಂದು ಬೆನ್ನಿನ ಗೆರೆ. ಗಂಡು ಎದ್ದು ನಿಂತಾಗ ಮೈ ನೋಡಿ, ಕೊಂಬು ಆಮೇಲೆ. ಎಳೆಯದಾದರೆ ಕಾಲು ಉದ್ದ, ಕುತ್ತಿಗೆ ಸಪೂರ, ಹೊಟ್ಟೆ ಒಳಕ್ಕೆ. ವಯಸ್ಸಾದದ್ದಕ್ಕೆ ಎದೆ ಆಳ, ಹೊಟ್ಟೆ ಜೋತು, ಹಾಗಾಗಿ ಕಾಲು ಗಿಡ್ಡ ಅನ್ನಿಸುತ್ತದೆ, ಮುಖ ಬೆಳ್ಳಗಾಗಿರುತ್ತದೆ, ನಡೆ ನಿಧಾನ. ಕಿವಿ ನಿಗುರಿಸಿದಾಗ ತುದಿಯಿಂದ ತುದಿಗೆ ಸುಮಾರು 20-22 ಇಂಚು. ಕೊಂಬು ಎರಡೂ ಕಡೆ ಕಿವಿಯನ್ನು ಮೂರು ನಾಲ್ಕು ಇಂಚು ದಾಟಿ ಹೋಗಿದ್ದರೆ ಅದು ನಿಂತು ನೋಡಬೇಕಾದ ಗಂಡು. ಇಂಥದ್ದು ಒಂದಾದರೂ ಕಂಡ ಕಣಿವೆಯನ್ನು ಮರೆಯಬೇಡಿ. ಜಾಗ ಒಳ್ಳೆಯದಾದರೆ, ಈ ಗಂಡು ಹೋದರೂ ಇನ್ನೊಂದು ಅಲ್ಲಿಗೇ ಬರುತ್ತದೆ.

ದೂರ ಎಷ್ಟು ಅನ್ನುವುದನ್ನು ಮಾಂಸದ ಲೆಕ್ಕದಲ್ಲಿ ತೀರ್ಮಾನಿಸಿ. ಮೂಳೆ ಬಿಡಿಸಿದ ಮೇಲೂ ದೊಡ್ಡ ಗಂಡಿನಿಂದ ಮೂವತ್ತು ಕಿಲೊ ಆಸುಪಾಸು ಮಾಂಸ ಬರುತ್ತದೆ, ತಲೆ ಚರ್ಮ ಬೇರೆ. ಸಮುದ್ರಮಟ್ಟದ ಊರಿನಿಂದ ಬಂದವರಿಗೆ 11,000 ಅಡಿಯಲ್ಲಿ ಖಾಲಿ ಕೈಯಲ್ಲಿ ನಡೆದರೂ ಏದುಸಿರು. ಸೆಪ್ಟೆಂಬರ್ ಬಿಸಿಲಿಗೆ ಮಾಂಸ ಬೇಗ ಕೆಡುತ್ತದೆ. ತಿನ್ನುವ ಮಾಂಸ ಬಿಟ್ಟು ಕೊಂಬು ಮಾತ್ರ ತರುವುದು ಈ ರಾಜ್ಯಗಳಲ್ಲಿ ಅಪರಾಧ, ಕಾನೂನು ಇಲ್ಲದಿದ್ದರೂ ಅದು ತಪ್ಪೇ. ಒಬ್ಬರೇ ಹೋಗುವವರು ಎರಡು ಸಲ ಹೊತ್ತು ಇಳಿಸಬಲ್ಲಷ್ಟು ದೂರವನ್ನೇ ನಕ್ಷೆಯಲ್ಲಿ ಗೆರೆ ಎಳೆದು, ಅದರ ಆಚೆಗಿನ ಕಣಿವೆಯ ಆಸೆ ಬಿಡಬೇಕು.

ಅರ್ಜಿಯ ದಿನಗಳು ರಾಜ್ಯಕ್ಕೊಂದು. ನ್ಯೂ ಮೆಕ್ಸಿಕೊ ಮಾರ್ಚ್‌ನಲ್ಲಿ ಮುಗಿಯುತ್ತದೆ, ಕೊಲರಾಡೊ ಏಪ್ರಿಲ್ ಶುರುವಿನಲ್ಲಿ, ವಯೋಮಿಂಗ್‌ನಲ್ಲಿ ಹೊರರಾಜ್ಯದವರ ಜಿಂಕೆ ಅರ್ಜಿ, ಐಡಹೊದ ನಿಯಂತ್ರಿತ ಬೇಟೆ, ಅರಿಜೋನಾ ಜೂನ್ ಶುರುವಿನಲ್ಲಿ. ಕೊಲರಾಡೊದಲ್ಲಿ ಡ್ರಾ ಆದ ಮೇಲೆ ಉಳಿದ ಟ್ಯಾಗ್‌ಗಳಿಗೆ ಇನ್ನೊಂದು ಸುತ್ತು ಇದೆ, ಹಿಂತಿರುಗಿಸಿದವೂ ಪಟ್ಟಿಗೆ ಬರುತ್ತವೆ, ಅದನ್ನು ಬೇಸಿಗೆಯಲ್ಲಿ ಆಗಾಗ ನೋಡುತ್ತಿರಿ. ನಿಖರ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ, ಆಯಾ ಇಲಾಖೆಯ ಆ ವರ್ಷದ ನಿಯಮ ಪುಸ್ತಕದಲ್ಲೇ ನೋಡಿಕೊಳ್ಳಿ. ಚಳಿಗಾಲದ ಎಣಿಕೆಯ ಫಲ ಹೊರಬರುವುದೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ. ಹಾಗಾಗಿ ಕೊನೆಯ ದಿನಕ್ಕೆ ಒಂದು ವಾರ ಮುಂಚೆ ಒಮ್ಮೆ ಫೋನ್ ಮಾಡಿ ಕೇಳಿ, ಆಮೇಲೆ ಅರ್ಜಿ ಒತ್ತಿ.